ಗೀಜಗನ ಗೂಡಿನ ಕೊನೆಯ ಪುಟ

ಅಂದು ಬೆಳಗ್ಗೆ ಪಾಲಕ್ಕಾಡಿನ ಕಣಿವೆಯಿಂದ ಧನುರ್ಮಾಸದ ಒಣಗಾಳಿ ನುಗ್ಗಿ ಬಂದಿತ್ತು. ಗದ್ದೆ ಬದುವಿನ ತಾಳೆಮರಗಳು ಗರಿಗೆ ಗರಿ ಬಡಿದು, ಆಕಾಶದಲ್ಲಿ ಯಾರೋ ಅಕ್ಕಿ ಕೇರುತ್ತಿದ್ದಾರೇನೋ ಅನ್ನುವ ಹಾಗೆ ಸದ್ದು ಮಾಡುತ್ತಿದ್ದವು. ಭಗವತಿ ಗುಡಿಯ ಮುಂದೆ ಸೌದಾಮಿನಿ ಹಚ್ಚಿದ ದೀಪ ಮತ್ತೆ ಮತ್ತೆ ಆರಿತು. ಕೊನೆಗೆ ಅಂಗೈ ಅಡ್ಡ ಹಿಡಿದು ಹಚ್ಚಿ ಕಣ್ಣು ಮುಚ್ಚಿದರೆ, ದೇವಿಯ ಮುಖ ಬರಬೇಕಾದಲ್ಲಿ ಪ್ರಸೀತಳ ಮುಖ ಬಂತು. ನಗುತ್ತಿತ್ತು ಬೇರೆ.

ಊರ ವಾಚನಾಲಯದ ಸಾಕ್ಷರತಾ ತರಗತಿಯನ್ನು ಬಹುಕಾಲ ಸೌದಾಮಿನಿ ಒಬ್ಬಳೇ ನಡೆಸಿದ್ದಳು. ಮದುವೆ ಕಾಗದಗಳ ಹಿಂಬದಿಯನ್ನು ಕತ್ತರಿಸಿ, ಒಂದೊಂದರ ಮೇಲೂ ದಪ್ಪನೆಯ ಅಕ್ಷರ ಬರೆದು, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಹೆಂಗಸರ ಕೈಗೆ ಕೊಡುತ್ತಿದ್ದಳು. ಆ ಚೀಟಿಗಳನ್ನು ಅವರು ಪ್ರಸಾದದಂತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುತ್ತಿದ್ದರು. ಈ ಸಲದ ಓಣಂ ಕಳೆದ ಮೇಲೆ ಎರಡನೆಯ ಟೀಚರಾಗಿ ಪ್ರಸೀತ ಬಂದಳು. ಅವಳ ಹಿಂದೆಯೇ ಒಂದು ಟ್ಯಾಬೂ ಬಂತು.

ಟ್ಯಾಬಿನೊಳಗೆ ಕಥೆಗಳ ಜಾಲತಾಣವೊಂದಿತ್ತು. ಅಲ್ಲಿ ಯಾರು ಬೇಕಾದರೂ ಪುಸ್ತಕ ಬರೆಯಬಹುದು, ಬೇಕಾದವರು ತಮ್ಮ ಭಾಷೆಗೆ ತಂದುಕೊಳ್ಳಬಹುದು, ಕಾಸಿಲ್ಲದೆ ಓದಬಹುದು. ಪ್ರಸೀತ ಅಲ್ಲಿ ‘ಗೀಜಗನ ಗೂಡು’ ಎಂಬ ಪುಸ್ತಕ ಬರೆದಳು. ಪುಟಕ್ಕೊಂದು ಚಿತ್ರ, ಚಿತ್ರದ ಕೆಳಗೆ ಒಂದು ಸಾಲು. ಗಾಳಿ ಬಂತು. ಮರ ಆಡಿತು. ಗೂಡೂ ಆಡಿತು. ಇಷ್ಟಕ್ಕೇ ಅದು ತಮಿಳಿಗೆ ಹೋಯಿತು, ಕನ್ನಡಕ್ಕೆ ಹೋಯಿತು, ಅಸ್ಸಾಮಿನ ಯಾವುದೋ ಶಾಲೆಯ ಟೀಚರು ಮೆಚ್ಚಿ ಎರಡು ಮಾತು ಬರೆದರು. ಸೌದಾಮಿನಿಯೂ ಒಂದು ಪುಸ್ತಕ ಬರೆದಿದ್ದಳು, ‘ಊಟಕ್ಕೆ ಮುಂಚೆ ಕೈ ತೊಳೆಯೋಣ’. ಅದನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದವಳು ಅವಳೊಬ್ಬಳೇ.

ಇದನ್ನೂ ಅವಳು ನುಂಗಿಕೊಂಡಾಳು. ನುಂಗಲಾಗದ್ದು ವೇಶಮ್ಮನ ಮಾತು.

ವೇಶಮ್ಮ ಆಡು ಮೇಯಿಸುವವಳು, ತಲೆಯೆಲ್ಲ ನರೆತಿತ್ತು. ಸೌದಾಮಿನಿಯ ಚೀಟಿಗಳಿಂದಲೇ ಅಕ್ಷರ ಕಲಿತವಳು. ಈಗ ಟ್ಯಾಬಿನಲ್ಲಿ ‘ಗೀಜಗನ ಗೂಡು’ ಹಿಡಿದು ಕೂತರೆ ಏಳುತ್ತಿರಲಿಲ್ಲ. ಮೊನ್ನೆ ಪಕ್ಕದಲ್ಲಿ ಕೂತು ಕಲಿಯುತ್ತಿದ್ದ ತಂಗ ಕೆಣಕಿದ್ದಳು.

“ಮುಂದೇನಾಗ್ತದೆ, ನಾನೇ ಹೇಳಿಬಿಡ್ಲಾ ವೇಶಮ್ಮ?”

“ಬಾಯಿ ಮುಚ್ಚೇ. ಹುಟ್ಟಿದಾಗಿಂದ ಎಲ್ಲಾ ಕಥೇನೂ ಇನ್ನೊಬ್ಬರ ಬಾಯಿಂದಲೇ ಕೇಳಿದೀನಿ. ಇದೊಂದರ ಕೊನೆ ನಾನೇ ಓದ್ಕೋತೀನಿ.”

“ನೀವು ಓದಿ ಮುಗಿಸೋ ಹೊತ್ತಿಗೆ ಮರಿಗಳಿಗೆ ಮೊಮ್ಮಕ್ಕಳಾಗಿರ್ತವೆ.”

ಎಲ್ಲರೂ ನಕ್ಕರು. ಸೌದಾಮಿನಿ ನಗಲಿಲ್ಲ. “ವೇಶಮ್ಮ, ಇವತ್ತು ಚೀಟಿ ಓದೋಣ ಬನ್ನಿ” ಅಂದಳು.

ವೇಶಮ್ಮ ತಲೆ ಎತ್ತದೆಯೇ ಹೇಳಿದಳು: “ನಿಮ್ಮ ಚೀಟೀಲಿ ಅಕ್ಷರ ಇದೆ ಟೀಚರೇ. ಇದರಲ್ಲಿ ಮುಂದೇನಾಗ್ತದೋ ಅನ್ನೋದಿದೆ.”

ಬೆಂಕಿ ಬಿದ್ದದ್ದು ಅಲ್ಲಿ. ಹಳೆಯ ಟೀಚರುಗಳಿಗೆ ಆ ತಾಣದವರು ಒಂದು ಅಧಿಕಾರ ಕೊಟ್ಟಿದ್ದರು: ಯಾವ ಪುಸ್ತಕ ಯಾವ ಹಂತದ ಓದುಗರಿಗೆ ಎಂದು ನೋಡಿ ತೀರ್ಮಾನಿಸುವುದು. ವಾಚನಾಲಯದ ಟ್ಯಾಬಿನಲ್ಲಿ ಹೊಸ ಓದುಗರಿಗೆ ಮೊದಲ ಹಂತದ ಪುಸ್ತಕಗಳಷ್ಟೇ ಕಾಣುತ್ತಿದ್ದವು. ಮೊನ್ನೆಯೇ ಮಧ್ಯಾಹ್ನ ಮನೆಯಲ್ಲಿ, ಒಲೆಯ ಮೇಲೆ ಗಂಜಿ ಕುದಿಯುತ್ತಿರುವಾಗ, ಸೌದಾಮಿನಿ ‘ಗೀಜಗನ ಗೂಡ’ನ್ನು ಮೊದಲ ಹಂತದಿಂದ ಮೂರನೆಯದಕ್ಕೆ ಎತ್ತಿಟ್ಟಳು. ಕಾರಣ ಕೇಳುವ ಜಾಗದಲ್ಲಿ ‘ಕೊನೆಯ ಸಾಲು ಉದ್ದವಾಯಿತು’ ಎಂದು ಬರೆದಳು. ಸುಳ್ಳೇನಲ್ಲ, ಉದ್ದವೇ ಇತ್ತು. ಹೊಟ್ಟೆಕಿಚ್ಚು ಹೊರಗೆ ಹೊರಡುವಾಗ ಮಡಿ ಉಟ್ಟೇ ಹೊರಡುತ್ತದೆ.

ಈ ಬೆಳಗ್ಗೆ ದೀಪ ಹಚ್ಚಿ, ದೇವಿಯ ಗುಡಿಯಿಂದ ನೇರವಾಗಿ ಅವಳು ತರಗತಿಗೆ ಬಂದಳು. ವೇಶಮ್ಮ ಒಳಗೆ ಹೋಗದೆ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಒಂದು ಬಾಳೆಲೆಯ ಪೊಟ್ಟಣ.

“ಯಾಕೆ ವೇಶಮ್ಮ, ಗಾಳೀಲಿ ಕೂತಿದೀರಿ?”

“ಟೀಚರೇ, ಮೆಲ್ಲಗೆ ಮಾತಾಡಿ. ನಾನು ಒಂದು ತಪ್ಪು ಮಾಡಿಬಿಟ್ಟೆ.” ಅವಳು ಹೆಬ್ಬೆರಳು ಮುಂದೆ ಚಾಚಿದಳು. ಕತ್ತಿ, ಮುಳ್ಳು, ಹಗ್ಗ ಎಲ್ಲ ಸೇರಿ ಅದರ ಚರ್ಮವನ್ನು ತೊಗಟೆ ಮಾಡಿದ್ದವು. “ನಿನ್ನೆ ಪುಸ್ತಕ ಹುಡುಕಿದೆ, ಇಲ್ಲ. ಈ ಬೆರಳಲ್ಲಿ ಎಲ್ಲೋ ಗಟ್ಟಿಯಾಗಿ ಒತ್ತಿ ಅಳಿಸಿಬಿಟ್ಟಿದೀನಿ. ಪಾಪ, ಆ ಹುಡುಗಿ ಎಷ್ಟು ಕಷ್ಟಪಟ್ಟು ಬರೆದಿದ್ಲೋ.”

“ಹಾಗೆಲ್ಲ ಅಳಿಸಿಹೋಗಲ್ಲ.”

“ನೀವು ಸಮಾಧಾನಕ್ಕೆ ಹೇಳ್ತೀರಿ. ಇನ್ನು ನಾನು ಅದನ್ನ ಮುಟ್ಟಲ್ಲ, ತರಗತಿಗೂ ಬರಲ್ಲ. ಆಡು ಕಾಯೋ ಕೈಗೆ ಇದೆಲ್ಲ ಯಾಕೆ. ಇದು ತಾಳೆಬೆಲ್ಲ, ಪ್ರಸೀತ ಟೀಚರಿಗೆ ನೀವೇ ಕೊಟ್ಟುಬಿಡಿ, ನನ್ನ ದಂಡ ಅಂತ. ನನಗೆ ಮುಖ ತೋರ್ಸೋಕಾಗಲ್ಲ.”

ಪೊಟ್ಟಣ ಸೌದಾಮಿನಿಯ ಕೈಗೆ ಬಂತು. ಅಂಗೈಯಗಲದ ಬೆಲ್ಲ ಬಂಡೆಯಷ್ಟು ಭಾರವಿತ್ತು. ಪ್ರಸೀತಳ ಕಡೆಗೆಂದು ಎಸೆದ ಕಲ್ಲು ಬಂದು ಬಿದ್ದದ್ದು ವೇಶಮ್ಮನ ಮೇಲೆ.

“ಒಂದು ಗಳಿಗೆ ಇಲ್ಲೇ ಇರಿ. ಎದ್ದು ಹೋದರೆ ನನ್ನಾಣೆ” ಎಂದು ಅವಳು ಒಳಗೆ ಹೋದಳು.

ಒಳಗೆ ಪ್ರಸೀತ ಒಬ್ಬಳೇ ಕೂತು ಹಾಳೆಯ ಮೇಲೆ ಏನೋ ಗೀಚಿ, ಹೊಡೆದುಹಾಕಿ, ಮತ್ತೆ ಗೀಚುತ್ತಿದ್ದಳು.

“ಬನ್ನಿ ಅಕ್ಕ. ಕೊನೇ ಸಾಲು ಉದ್ದ ಅಂತ ಬರೆದಿದ್ರಲ್ಲ, ನೋಡಿದೆ. ಮೊನ್ನೆಯಿಂದ ಮೊಟಕು ಮಾಡ್ತಾನೇ ಇದೀನಿ. ಮೊಟಕು ಮಾಡಿದ್ರೆ ಹಕ್ಕೀನೇ ಸತ್ತಹಾಗಾಗ್ತದೆ.”

“ನಿನಗೆ ಸಿಟ್ಟು ಬರಲಿಲ್ವಾ?”

“ಬಂತು. ಆಮೇಲೆ ಯೋಚನೆ ಮಾಡಿದೆ, ಹೇಳಿರೋರು ನೀವು. ಈ ಹೆಂಗಸರಿಗೆ ಯಾವುದು ಉದ್ದ ಯಾವುದು ಗಿಡ್ಡ ಅಂತ ನಿಮಗಲ್ದೆ ಇನ್ಯಾರಿಗೆ ಗೊತ್ತು?”

ಬೈದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಇನ್ನೂ ಎರಡು ದಿನ ಹೊಟ್ಟೆಕಿಚ್ಚನ್ನು ಸಾಕಿಕೊಳ್ಳಬಹುದಿತ್ತು. ಸೌದಾಮಿನಿ ಆ ಹಾಳೆಯನ್ನು ಎಳೆದುಕೊಂಡು ಮೂಲದ ಸಾಲನ್ನು ಓದಿದಳು. ಸಾಲು ಚೆನ್ನಾಗಿತ್ತು. ಸಂಕಟವಿದ್ದದ್ದೂ ಅಲ್ಲೇ.

“ಮೊಟಕು ಮಾಡಬೇಡ. ಇದ್ದ ಹಾಗೇ ಇರಲಿ” ಅಂದಳು. “ತಪ್ಪು ಸಾಲಿನದಲ್ಲ.”

ಪ್ರಸೀತ ಅವಳ ಮುಖ ನೋಡಿ ಪೆನ್ನು ಕೆಳಗಿಟ್ಟಳು. ಸೌದಾಮಿನಿ ತನ್ನ ಫೋನು ತೆಗೆದು ಪುಸ್ತಕವನ್ನು ಮೂರನೆಯ ಹಂತದಿಂದ ಮೊದಲನೆಯದಕ್ಕೆ ಇಳಿಸಿದಳು. ಕಾರಣ ಕೇಳುವ ಜಾಗದಲ್ಲಿ ಬಹಳ ಹೊತ್ತು ಬೆರಳು ನಿಂತಿತು. ‘ನನ್ನ ತಪ್ಪು’ ಎಂದು ಬರೆದಳು. ಆಮೇಲೆ ಟ್ಯಾಬು ಎತ್ತಿಕೊಂಡು ಹೊರಗೆ ಬಂದು, ವೇಶಮ್ಮ ನಿಲ್ಲಿಸಿದ್ದ ಪುಟವನ್ನೇ ತೆರೆದು ಅವಳ ತೊಡೆಯ ಮೇಲಿಟ್ಟಳು.

“ನೀವೇನೂ ಅಳಿಸಿಲ್ಲ ವೇಶಮ್ಮ. ನಾನೇ ಬೇರೆ ಕಡೆ ಎತ್ತಿಟ್ಟಿದ್ದೆ.”

“ನೀವಾ? ಯಾಕೆ?”

“ಹೊಟ್ಟೆಕಿಚ್ಚಿಗೆ.”

ವೇಶಮ್ಮ ಅವಳನ್ನು ದಿಟ್ಟಿಸಿ ನೋಡಿದಳು. “ನಮ್ಮ ಕರಿ ಆಡೂ ಹಿಂಗೇ” ಅಂದಳು. “ಬೇರೆ ಮರಿಗೆ ಸೊಪ್ಪು ಹಾಕಿದ್ರೆ ನನಗೇ ಹಾಯ್ತದೆ.” ಆಮೇಲೆ ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡು, ಹಸುಗೂಸನ್ನು ಮುಟ್ಟುವವಳಂತೆ ಪರದೆಯನ್ನು ಮುಟ್ಟಿದಳು.

ಗಾಳಿ ಜೋರಾಗಿತ್ತು. ಅವಳು ಒಂದೊಂದೇ ಅಕ್ಷರವನ್ನು ಕೂಡಿಸಿ, ಎಡವಿ, ಹಿಂದಕ್ಕೆ ಹೋಗಿ, ಮತ್ತೆ ಹಿಡಿದು ಓದಿದಳು. “ಗಾಳಿ... ಹೋಯಿತು. ಗೂಡು ಅಲ್ಲೇ ಇತ್ತು, ಮರಿಗಳು ಮಲಗಿದ್ದವು, ತಾಯಿ ಮಾತ್ರ... ಎಚ್ಚರವಿತ್ತು.” “ತಾಯಿಗೆ ನಿದ್ದೆ ಎಲ್ಲಿಂದ ಬರಬೇಕು” ಎಂದು ತನಗೇ ಹೇಳಿಕೊಂಡು, ಮೊದಲ ಪುಟಕ್ಕೆ ಹೋದಳು.

ಬಾಗಿಲಲ್ಲಿ ನಿಂತಿದ್ದ ಪ್ರಸೀತ ಕಣ್ಣು ಒರೆಸಿಕೊಂಡಳು. ಅದನ್ನು ಕಂಡು ಸೌದಾಮಿನಿಯ ಎದೆಯಲ್ಲಿ ಹೊಟ್ಟೆಕಿಚ್ಚಿನ ಮುಳ್ಳು ಇನ್ನೊಮ್ಮೆ ಆಡಿತು. ಅವಳು ತಡೆಯಲಿಲ್ಲ. ವೇಶಮ್ಮ ಓದಿನಲ್ಲಿ ಮುಳುಗಿರುವಾಗ ಬಾಗಿ, ಬಾಳೆಲೆಯ ಪೊಟ್ಟಣವನ್ನು ಮೆಟ್ಟಿಲ ಮೇಲಿದ್ದ ಅವಳ ಕೈಚೀಲದೊಳಕ್ಕೆ ಸದ್ದಿಲ್ಲದೆ ಇಳಿಸಿದಳು.