ಮಲಗು ಮೇಷ್ಟ್ರು

ಅಂಗಿಯ ಮೇಲಿನ ಗುಂಡಿಗಳು ಏನು ಮಾಡಿದರೂ ಕೂಡಲಿಲ್ಲ. ತಂಗಿ ಒಂದು ಕಡೆಯಿಂದ ಎಳೆದಳು, ಅಣ್ಣ ಇನ್ನೊಂದು ಕಡೆಯಿಂದ. ಕಾಯಿಲೆ ಅಪ್ಪನ ಕೆನ್ನೆಯನ್ನು ತಿಂದಿತ್ತು, ಹೊಟ್ಟೆಯನ್ನು ತಿಂದಿತ್ತು, ಕಾಲುಗಳನ್ನಂತೂ ಕಡ್ಡಿ ಮಾಡಿಟ್ಟಿತ್ತು. ಹೆಗಲನ್ನು ಮುಟ್ಟಲು ಮಾತ್ರ ಅದಕ್ಕೂ ಧೈರ್ಯ ಬಂದಿರಲಿಲ್ಲ. ಅಣ್ಣ ಬೆಳಿಗ್ಗೆ ತರಿಸಿದ್ದ ಬಿಳಿ ಅಂಗಿ ಸಾಮಾನ್ಯ ಮುದುಕರ ಅಳತೆಯದು. ಈ ಮುದುಕ ಮೂವತ್ತು ವರ್ಷ ನೀರಿನಲ್ಲಿ ಕೈಬೀಸಿದವನು ಎಂದು ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು?

"ಬಿಡು, ಮೇಲೊಂದು ಬಟ್ಟೆ ಹೊದಿಸಿದ್ರೆ ಯಾರಿಗೆ ಕಾಣುತ್ತೆ," ಎಂದ ಅಣ್ಣ.

"ಹಳೇದೇ ಹಾಕೋಣ ಅಣ್ಣ. ಆ ನೀಲಿ ಅಂಗಿ."

"ಕ್ಲೋರಿನ್ ವಾಸನೆ ಹೊಡೆಯೋ ಅಂಗೀಲಿ ಕಳಿಸ್ತೀಯಾ? ಹೊರಗೆ ಜನ ಇದಾರೆ."

ಜನ ಇದ್ದರು, ನಿಜ. ಆದರೆ ಅವರಲ್ಲಿ ಮುಕ್ಕಾಲು ಪಾಲು ಅಣ್ಣನ ಮುಖ ನೋಡಿ ಬಂದವರು. ಪೇಟೆಯಲ್ಲಿ ದೊಡ್ಡ ಟೈಲ್ಸ್ ಅಂಗಡಿ ಇಟ್ಟವನ ಅಪ್ಪ ಸತ್ತರೆ ಬರದೆ ಇರಲಾಗುತ್ತದೆಯೇ? ಗಾರೆಯವರು, ಕಂಟ್ರಾಕ್ಟರುಗಳು, ಲಾರಿ ಮಾಲೀಕರು ಬಾಡಿಗೆ ಕುರ್ಚಿಗಳ ಮೇಲೆ ಕೂತು ಟೀ ಕುಡಿಯುತ್ತ, ಮನೆಯ ನೆಲವನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಟೈಲ್ಸ್ ಅಂಗಡಿಯವನ ಅಪ್ಪನ ಮನೆಯಲ್ಲಿ ಇನ್ನೂ ಸಿಮೆಂಟಿನ ನೆಲ.

ಅವರ ಮಧ್ಯೆ ಅಪ್ಪನ ಅಕ್ಕ, ದೊಡ್ಡತ್ತೆ, ಕೋಲು ಊರಿಕೊಂಡು ಕೂತಿದ್ದಳು. ಅವಳ ನಾಲಿಗೆಗೆ ಎಲುಬಿರಲಿಲ್ಲ.

"ಊರಿಗೆಲ್ಲ ಮಲಗೋದು ಕಲಿಸ್ದ ನನ್ನ ತಮ್ಮ. ನೋಡಿ, ಈಗ ತಾನೂ ಮಲಗ್ದ," ಎಂದು ಅವಳು ಯಾರಿಗೆ ಎಂದಿಲ್ಲದೆ ಹೇಳಿದಳು. ಒಬ್ಬ ಲಾರಿ ಮಾಲೀಕನಿಗೆ ನಗು ತಡೆಯಲಾಗಲಿಲ್ಲ. ಅವನು ಟೀ ನೆತ್ತಿಗೇರಿದವನಂತೆ ಕೆಮ್ಮಿದ.

ಒಳಗೆ ಅಣ್ಣ ಹಲ್ಲು ಕಚ್ಚಿದ. "ಈ ಮುದುಕೀನ ಒಳಗೆ ಕರ್ಕೊಂಡು ಬಾ. ಇವತ್ತೂ ಆ ಹೆಸರು ಬೇಕಾ?"

ತಂಗಿ ಎದ್ದು ಹೋದಳು. ಅತ್ತೆಯನ್ನು ಒಳಗೆ ಕರೆಯಲಿಲ್ಲ. ಅವಳ ಪಕ್ಕದ ಕುರ್ಚಿಯಲ್ಲಿ ಕೂತು, ಆ ಹೆಸರು ಕೇಳಿದಾಗ ಇಷ್ಟು ವರ್ಷ ಹೇಗೆ ನೆಲ ನೋಡುತ್ತಿದ್ದಳೋ ಹಾಗೆಯೇ ನೆಲ ನೋಡಿದಳು.

*

ಮಲಗು ಮೇಷ್ಟ್ರು ಎಂಬ ಹೆಸರು ಮೊದಲು ಪ್ರೀತಿಯಿಂದಲೇ ಹುಟ್ಟಿದ್ದು. ಅಪ್ಪ ಪುರಸಭೆಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ. ಮೊದಲ ತಿಂಗಳು ಕೈಕಾಲು ಬಡಿಯುವ ಮಾತೇ ಇಲ್ಲ. ಅಂಗಾತ ಮಲಗು, ಕಿವಿ ನೀರೊಳಗೆ ಬಿಡು, ಮೇಲೆ ನೋಡು, ಉಸಿರಾಡು. ಅಷ್ಟೇ. ಮಕ್ಕಳ ಗಲಾಟೆಯಲ್ಲಿ ಅವನ ದನಿ ಕೇಳುತ್ತಿರಲಿಲ್ಲ. ಅದಕ್ಕೇ ಕೊಳದ ಅಂಚಿನಲ್ಲಿ ನಿಂತು ಎರಡೂ ಕೈ ಮೇಲೆತ್ತಿ, ಅಂಗೈಗಳನ್ನು ಆಕಾಶಕ್ಕೆ ಮಾಡುತ್ತಿದ್ದ. ಹಾಗೆ ಮಾಡಿದ ಕೂಡಲೇ ನೀರಿನಲ್ಲಿದ್ದವರೆಲ್ಲ ಮಗುಚಿಕೊಂಡು ಅಂಗಾತ ಆಗಬೇಕು. ತಾಯಂದಿರು, "ಮಲಗಿಸೋಕೆ ನಿಮ್ಮ ಹತ್ರ ಯಾಕೆ ಕಳಿಸ್ಬೇಕು ಮೇಷ್ಟ್ರೇ, ಮನೇಲಿ ತೊಟ್ಟಿಲು ಇಲ್ವಾ?" ಎಂದು ರೇಗಿಸುತ್ತಿದ್ದರು. ಅಪ್ಪ, "ನೀರಿನ ಜೊತೆ ಜಗಳ ಆಡಿ ಗೆದ್ದೋರು ಯಾರಮ್ಮ? ಅದಕ್ಕೆ ಸುಸ್ತೇ ಆಗಲ್ಲ," ಎಂದು ನಗುತ್ತಿದ್ದ.

ಅಣ್ಣನಿಗೆ ಮಾತ್ರ ಜಗಳವೇ ಇಷ್ಟ. ಹತ್ತೊಂಬತ್ತಕ್ಕೇ ಅವನು ಸುತ್ತಿನ ಊರುಗಳ ಪದಕಗಳನ್ನೆಲ್ಲ ಮನೆಗೆ ಹೊತ್ತು ತಂದಿದ್ದ.

ವರ್ಷಕ್ಕೊಮ್ಮೆ ಅಪ್ಪ ಕೊಳದ ಮಕ್ಕಳನ್ನೆಲ್ಲ ಸಮುದ್ರದ ಪಾಠಕ್ಕೆ ಕರೆದೊಯ್ಯುತ್ತಿದ್ದ. ಆ ವರ್ಷ ತಂಗಿಗೆ ಹನ್ನೆರಡು. ಮರಳಿನ ಮೇಲೆ ಸಾಲಾಗಿ ಕೂರಿಸಿ ಅಪ್ಪ ಬೆರಳು ಮಾಡಿ ತೋರಿಸಿದ. "ಅಲ್ಲಿ ಅಲೆ ಒಡೀತಿದೆ, ಇಲ್ಲೂ ಒಡೀತಿದೆ. ನಡುವೆ ಒಂದು ಪಟ್ಟಿ ಸುಮ್ನೆ ಇದೆ, ಬಣ್ಣ ಕಪ್ಪಗಿದೆ. ಸಾಧು ಅಂತ ಅಲ್ಲಿಗೆ ಇಳೀಬೇಡಿ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗೋ ದಾರಿ ಅದು. ನಿಮ್ಮನ್ನೂ ಕರ್ಕೊಂಡು ಹೋಗುತ್ತೆ. ಹೋದ್ರೆ ದಡದ ಕಡೆ ಈಜಬೇಡಿ. ಮಲಗಿ, ಒಂದು ಕೈ ಎತ್ತಿ. ಸೆಳವು ಬಿಟ್ಟ ಮೇಲೆ ದಡದ ಉದ್ದಕ್ಕೆ, ಪಕ್ಕಕ್ಕೆ ಹೋಗಿ. ಆಮೇಲೆ ದಡಕ್ಕೆ."

ಬೇಕರಿಯವನ ಕಿರಿಮಗ ಬುತ್ತಿ ಬಿಚ್ಚುವ ಗಡಿಬಿಡಿಯಲ್ಲಿ ಚೆಂಡಿನ ಹಿಂದೆ ಆ ಸಾಧು ಪಟ್ಟಿಗೇ ಇಳಿದ. ನೋಡುನೋಡುತ್ತಿದ್ದಂತೆ ಅವನ ತಲೆ ಚೆಂಡಿನಷ್ಟಾಯಿತು.

ಅಪ್ಪ ಮೊಣಕಾಲು ನೀರಿನವರೆಗೆ ಓಡಿ ನಿಂತುಬಿಟ್ಟ. ದೋಣಿಯವರನ್ನು ಕರೆಯಲು ಒಬ್ಬನನ್ನು ಅಟ್ಟಿದ. ಎರಡೂ ಕೈ ಮೇಲೆತ್ತಿ, ಅಂಗೈಗಳನ್ನು ಆಕಾಶಕ್ಕೆ ಮಾಡಿ, "ಮಲಗೋ! ಮಲಗೋ!" ಎಂದು ಕೂಗಿದ. ದಡದಲ್ಲಿ ಜನ ಸೇರಿದರು.

"ಮೇಷ್ಟ್ರಂತೆ ಮೇಷ್ಟ್ರು! ಮೊಣಕಾಲು ನೀರಲ್ಲಿ ನಿಂತಿದಾನೆ ನೋಡು," ಎಂದು ಯಾರೋ ಹೆಂಗಸು ಹೇಳಿದಳು. ತಂಗಿ ಅವಳ ಪಕ್ಕದಲ್ಲೇ ಇದ್ದಳು.

ಅಣ್ಣ ಅಪ್ಪನನ್ನು ತಳ್ಳಿ ಹಾರಿದ. ಜನ ಚಪ್ಪಾಳೆ ತಟ್ಟಿದರು.

ದೋಣಿ ಬಂತು. ಇಬ್ಬರನ್ನೂ ತಂದಿತು. ಮರಳಿನ ಮೇಲೆ ಇಳಿಸುವಾಗ ತಂಗಿ ತೀರಾ ಹತ್ತಿರ ನಿಂತಿದ್ದಳು. ಹುಡುಗ ತಾನೇ ನಡೆದು ಇಳಿದು ಅಳುತ್ತ ಚೆಂಡು ಕೇಳಿದ. ಅಣ್ಣನನ್ನು ನಾಲ್ಕು ಜನ ಹೊತ್ತು ಇಳಿಸಿದರು. ಅವನ ತುಟಿ ನೀಲಿಯಾಗಿತ್ತು, ಬಾಯಿಂದ ನೀರು ಬರುತ್ತಿತ್ತು. "ಇವನೇ ಮುಳುಗ್ತಿದ್ದ, ಇವನನ್ನೇ ಮೊದ್ಲು ಎಳ್ಕೊಂಡ್ವಿ. ಆ ಚಿಕ್ಕೋನು ಆರಾಮಾಗಿ ಮಲಗಿದ್ದ," ಎಂದು ದೋಣಿಯವನು ಬಲೆ ಸರಿಸುತ್ತ ಹೇಳಿದ. ಆ ಗದ್ದಲದಲ್ಲಿ ಅವನ ಮಾತು ಕೇಳಿಸಿದ್ದು ಅವಳೊಬ್ಬಳಿಗೇ. ಹುಡುಗನನ್ನು ಉಳಿಸಲು ಹೋಗಿ ಅಣ್ಣನಿಗೆ ಹೀಗಾಯಿತೆಂದೇ ಉಳಿದವರೆಲ್ಲ ನಂಬಿದರು.

ಮಾರನೆಯ ದಿನ ಶಾಲೆಯಲ್ಲಿ ಎಲ್ಲರೂ ಅವಳನ್ನು ಸುತ್ತುವರಿದು, "ಸಮುದ್ರಕ್ಕೆ ಹಾರಿದವನ ತಂಗಿ ನೀನೇನಾ?" ಎಂದು ಕೇಳಿದರು. ಅವಳು ಹೌದು ಎಂದಳು. ಎಷ್ಟು ಸುಲಭವಾಗಿ ಹೌದು ಎಂದಳು! ಮಲಗು ಮೇಷ್ಟ್ರ ಮಗಳು ನೀನೇನಾ ಎಂದು ಕೇಳಿದ್ದರೆ ಏನು ಹೇಳುತ್ತಿದ್ದಳೋ. ಯಾರೂ ಕೇಳಲಿಲ್ಲ, ಅವಳ ಪುಣ್ಯ.

*

ಸ್ಮಶಾನ ಸಮುದ್ರದ ಮೇಲಿನ ದಿಬ್ಬದಲ್ಲಿತ್ತು. ಹಿಂದಿನ ದಿನದ ಮಳೆಗೆ ಮಣ್ಣು ಹಸಿಯಾಗಿ ಎಲ್ಲರ ಬೂಟಿಗೂ ಅಂಟಿಕೊಂಡಿತ್ತು. ಗುಂಡಿಗೆ ಇಳಿಸುವ ಮುಂಚೆ ಬೇಕರಿಯವನು ಮುಂದೆ ಬಂದ. ಅಂದಿನ ಹುಡುಗ ಈಗ ದಪ್ಪ ಮೀಸೆಯ ಮನುಷ್ಯ. ಮುಂಗೈ ಮೇಲೆ ಒಲೆಯ ಸುಟ್ಟ ಕಲೆಗಳು.

"ಅಣ್ಣ, ಮೇಷ್ಟ್ರ ಬಗ್ಗೆ ನಾನೊಂದೆರಡು ಮಾತು ಆಡ್ಲಾ?"

ಅಣ್ಣ ಅವನ ಭುಜ ತಟ್ಟಿದ. "ಬೇಡ ಬಿಡಪ್ಪ, ಬಿಸಿಲು. ಇವರೆಲ್ಲ ಕೆಲಸ ಬಿಟ್ಟು ಬಂದಿದಾರೆ."

"ಎರಡೇ ಮಾತು."

"ಬೇಡ ಅಂದ್ನಲ್ಲ."

ಬೇಕರಿಯವನು ತಂಗಿಯ ಮುಖ ನೋಡಿದ. ಈಗ ಅವಳೊಂದು ಮಾತು ಆಡಿದರೆ ಸಾಕಿತ್ತು. 'ಆಡಲಿ ಅಣ್ಣ' ಎಂದರೆ ಸಾಕಿತ್ತು. ಕಂಟ್ರಾಕ್ಟರುಗಳು ನೋಡುತ್ತಿದ್ದರು, ಅಣ್ಣನ ಕತ್ತು ಕೆಂಪಾಗಿತ್ತು. ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಸೋಗು, ಅಷ್ಟೇ. ಒಂದು ಮಾತೂ ಇಲ್ಲದೆ ಅಪ್ಪ ಮಣ್ಣು ಸೇರಿದ. ಎರಡು ಗುಂಡಿ ಬಿಚ್ಚಿದ್ದ ಅಂಗಿಯಲ್ಲೇ.

*

ಸಮುದ್ರದಲ್ಲಿ ಆದ ಆ ಘಟನೆಯ ಮೇಲೆ ಪಾಲಕರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರು. ನೀರಿಗೆ ಇಳಿಯದ ಈಜುಮೇಷ್ಟ್ರು ಯಾರಿಗೆ ಬೇಕು? ಪುರಸಭೆಯವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ಕೊಳದ ಕಸ ಬಳಿಯಲು, ಕ್ಲೋರಿನ್ ಹಾಕಲು ಇಟ್ಟುಕೊಂಡರು. ಅವನ ಹಳೆಯ ಶಿಷ್ಯರೇ ಹೊಸ ಮೇಷ್ಟ್ರುಗಳಾದರು. ಅಪ್ಪ ಉದ್ದ ಕೋಲಿನ ಬಲೆ ಹಿಡಿದು ಅವರ ಬೆನ್ನ ಹಿಂದೆ ಎಲೆಗಳನ್ನು ಹೆಕ್ಕುತ್ತಿದ್ದ. ಪೇಟೆಬೀದಿಯಲ್ಲಿ ನಡೆಯುವುದನ್ನು ಬಿಟ್ಟು ಹಿಂದಿನ ಗಲ್ಲಿಯಿಂದ ಮನೆಗೆ ಬರುತ್ತಿದ್ದ.

ಅಣ್ಣನಿಗೆ ಮಗ ಹುಟ್ಟಿ, ಆ ಮಗ ಈಜು ಕಲಿಯುವಷ್ಟು ದೊಡ್ಡವನಾದಾಗ ಅಪ್ಪ ಒಮ್ಮೆ ಮೆಲ್ಲಗೆ ಕೇಳಿದ್ದ. "ಮಗೂನ ಒಂದು ತಿಂಗಳು ನನ್ನ ಹತ್ರ ಕಳಿಸ್ತೀಯೇನೋ?"

"ಮಲಗೋದು ಕಲಿಸೋಕಾ? ಮನೇಲಿ ಹಾಸಿಗೆ ಇದೆ," ಎಂದಿದ್ದ ಅಣ್ಣ. ಊಟಕ್ಕೆ ಕೂತವರೆಲ್ಲ ನಕ್ಕಿದ್ದರು. ತಂಗಿಯೂ ನಕ್ಕಿದ್ದಳು. ಅಪ್ಪ ಕೂಡ ನಕ್ಕು, ತಟ್ಟೆ ತೆಗೆದುಕೊಂಡು ಎದ್ದು ಹೋಗಿದ್ದ.

ಆ ಸಂಜೆ ಅವಳು ಹಿತ್ತಲಲ್ಲಿ ಕೇಳಿಯೇಬಿಟ್ಟಿದ್ದಳು. "ಅವತ್ತು ನಿಂಗೆ ಹೆದರಿಕೆ ಆಗಿತ್ತಾ ಅಪ್ಪ?"

ಅಪ್ಪ ಒದ್ದೆ ಟವೆಲ್ ಹಿಂಡುತ್ತಿದ್ದ. "ಆಗಿತ್ತಮ್ಮ. ತುಂಬಾ," ಎಂದ. ಅವನು ಟವೆಲ್ ಹರವಿ ಒಳಗೆ ಹೋದ.

*

ಸ್ಮಶಾನದ ನಲ್ಲಿಯಲ್ಲಿ ನೀರಿರಲಿಲ್ಲ. ಕೈ ತೊಳೆಯಲು, ಬೂಟಿನ ಕೆಸರು ತೆಗೆಯಲು ಎಲ್ಲರೂ ಮೆಟ್ಟಿಲಿಳಿದು ಕಡಲತಡಿಗೆ ಹೋದರು. ಅಣ್ಣನ ಮಗ ಎಲ್ಲರಿಗಿಂತ ಮುಂದೆ. ತನ್ನಪ್ಪನ ಹಾಗೇ ಪದಕ ತಂದ ಹುಡುಗ, ಈಜು ಕ್ಲಬ್ಬಿನಲ್ಲಿ ಗಡಿಯಾರ ಹಿಡಿದು ಕಲಿತವನು. ಅಂಗಿ ಕಳಚಿ, "ಒಂದು ಮುಳುಗು ಹಾಕಿ ಬರ್ತೀನಿ ಅತ್ತೆ, ಮೈಯೆಲ್ಲ ಮಣ್ಣು," ಎಂದು ಸೊಂಟದ ನೀರಿಗೆ ಇಳಿದ.

ತಂಗಿ ಬಗ್ಗಿ ಕೈ ತೊಳೆದು ತಲೆಯೆತ್ತಿದಳು. ಎಡಕ್ಕೆ ಅಲೆ ಒಡೆಯುತ್ತಿತ್ತು. ಬಲಕ್ಕೂ ಒಡೆಯುತ್ತಿತ್ತು. ಹುಡುಗ ಇಳಿದ ಕಡೆ ನೀರು ಕಪ್ಪಗೆ, ಸುಮ್ಮನೆ ಇತ್ತು. ಅದರ ಮೇಲಿನ ನೊರೆ ದಡಕ್ಕೆ ಬರುವ ಬದಲು ಒಳಗೆ ಹೋಗುತ್ತಿತ್ತು.

"ಏಯ್! ಬಾರೋ ಈಚೆ!"

ಅವನು ತಿರುಗಿದ. ನೆಲ ಸಿಗಲಿಲ್ಲವೆಂದು ಅವನ ಮುಖ ನೋಡಿದರೇ ಗೊತ್ತಾಯಿತು. ದಡಕ್ಕೆ ಮುಖ ಮಾಡಿ ಬಡಿಯತೊಡಗಿದ. ಎಂಥ ಚಂದದ ಬಡಿತ! ಅಷ್ಟು ಬಡಿದರೂ ಹಿಂದೆ ಹಿಂದೆ ಹೋಗುತ್ತಿದ್ದ.

ಅಣ್ಣ ಬೂಟಿನ ಸಮೇತ ನೀರಿಗೆ ನುಗ್ಗಿದ. ಅವಳು ಹಿಂದಿನಿಂದ ಅವನ ಅಂಗಿ ಹಿಡಿದಳು. "ಬೇಡ ಅಣ್ಣ! ನೀನೂ ಹೋಗ್ತೀಯ!" ಅಣ್ಣನ ಮೈಗೆ ಅವಳ ಹಿಡಿತ ಯಾವ ಲೆಕ್ಕ? ಒಮ್ಮೆ ಕೊಡವಿದ್ದರೆ ಬಿಟ್ಟು ಹೋಗುತ್ತಿತ್ತು. ಅವನು ಕೊಡವಲಿಲ್ಲ. ಮೊಣಕಾಲು ನೀರಿನಲ್ಲಿ ನಿಂತುಬಿಟ್ಟ. ಆ ನೀರಿನ ರುಚಿ ಅವನಿಗೆ ಗೊತ್ತಿತ್ತು. ಇಷ್ಟು ವರ್ಷ ಅವನು ಯಾರಿಗೂ ಹೇಳದೆ ಇದ್ದದ್ದು ಅದೊಂದನ್ನೇ.

ಬೇಕರಿಯವನು ದಡದ ರಸ್ತೆಯಲ್ಲಿ ನಿಲ್ಲಿಸಿದ್ದ ತನ್ನ ವ್ಯಾನಿನಿಂದ ಕುಡಿಯುವ ನೀರಿನ ಖಾಲಿ ಕ್ಯಾನು ತಂದು ಬೀಸಿ ಎಸೆದ. ಅದು ಸೆಳವಿನಲ್ಲೇ ತೇಲುತ್ತ ಹುಡುಗನ ಕಡೆ ಹೋಯಿತು. "ದೋಣಿ! ಯಾರಾದ್ರೂ ದೋಣಿಯವರನ್ನ ಕರೀರಿ!" ಎಂದು ಕೂಗುತ್ತ ಅವನು ಓಡಿದ.

ಹುಡುಗನ ಬಡಿತ ನಿಧಾನವಾಗುತ್ತಿತ್ತು. ಒಮ್ಮೆ ತಲೆ ಮುಳುಗಿ ಎದ್ದಿತು.

ಆಗ ಅಣ್ಣನ ಎರಡೂ ಕೈ ಮೇಲಕ್ಕೆದ್ದವು. ಅಂಗೈಗಳು ಆಕಾಶಕ್ಕೆ ತಿರುಗಿದವು.

"ಮಲಗೋ!" ಎಂದ. ಮತ್ತೆ ಕೂಗಿದ. "ಮಲಗೋ ಮಗನೇ! ಈಜಬೇಡ! ಅಂಗಾತ ಮಲಗೋ!"

ತಂಗಿಯೂ ಕೈಯೆತ್ತಿ ಕೂಗಿದಳು. ದೊಡ್ಡತ್ತೆ ಮೆಟ್ಟಿಲ ಮೇಲಿನಿಂದಲೇ ಕೋಲೆತ್ತಿ, "ನಿಮ್ಮಜ್ಜ ಹೇಳ್ದ ಹಾಗೆ ಮಲಗೋ!" ಎಂದಳು.

ಕೇಳಿಸಿತೋ, ಆ ಕೈಗಳು ಕಂಡವೋ, ಬಡಿದು ಸಾಕಾಯಿತೋ, ಹುಡುಗ ಮಗುಚಿಕೊಂಡ. ಅವನ ಎದೆ ಕಂಡಿತು, ಮುಖ ಕಂಡಿತು. ಸೆಳವು ಅವನನ್ನು ಅಲೆಗಳಾಚೆಗೆ ಒಯ್ದು ಅಲ್ಲಿ ಬಿಟ್ಟಿತು. ಅವನು ಕ್ಯಾನನ್ನು ಎದೆಗೆ ಅವುಚಿಕೊಂಡು ಒಂದು ಕೈ ಎತ್ತಿದ.

ಪಕ್ಕದಲ್ಲಿ ಚಾಪೆ ಹಾಸಿ ಕೂತಿದ್ದ ಯಾರದೋ ಸಂಸಾರ ಎದ್ದು ಬಂದಿತ್ತು. ಆ ಮನೆಯ ಹೆಂಗಸು ಮೂಗು ಮುರಿದು ಗಂಡನಿಗೆ ಹೇಳಿದಳು.

"ಹೆತ್ತ ಅಪ್ಪನಂತೆ! ಮೊಣಕಾಲು ನೀರಲ್ಲಿ ನಿಂತಿದಾನೆ ನೋಡು."

ಅಣ್ಣನಿಗೆ ಅದು ಕೇಳಿಸಿತು. ಕಿವಿಯ ತುದಿಯವರೆಗೆ ಅವನು ಕೆಂಪಾದ. ತಿರುಗಿ ನೋಡಲಿಲ್ಲ. ಕಂಟ್ರಾಕ್ಟರುಗಳು, ಲಾರಿ ಮಾಲೀಕರು, ಎಲ್ಲರೂ ಅವನ ಬೆನ್ನು ನೋಡುತ್ತ ನಿಂತಿದ್ದರು.

"ನಮ್ಮಪ್ಪನೂ ಹೀಗೇ ನಿಂತಿದ್ರು," ಎಂದಳು ತಂಗಿ ಆ ಹೆಂಗಸಿಗೆ. "ನಾನು ಮಲಗು ಮೇಷ್ಟ್ರ ಮಗಳು." ಹೆಂಗಸಿಗೆ ಏನೂ ಅರ್ಥವಾಗಲಿಲ್ಲ. ಅವಳು ತನ್ನ ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿದಳು.

ದೋಣಿ ಹೊರಡುವುದರೊಳಗೆ ಹುಡುಗ, ತಂಗಿ ಕೈಬೀಸಿ ತೋರಿಸಿದ ಹಾಗೆ, ದಡದ ಉದ್ದಕ್ಕೆ ಪಕ್ಕಕ್ಕೆ ಪಕ್ಕಕ್ಕೆ ಸರಿದು, ಅಲೆ ಒಡೆಯುವಲ್ಲಿ ಅಲೆಯ ಜೊತೆಗೇ ದೂರದ ದಡಕ್ಕೆ ಬಂದು ಬಿದ್ದ. ಬೇಕರಿಯವನು ಅವನನ್ನು ಎಬ್ಬಿಸಿ ಹೆಗಲು ಕೊಟ್ಟ. ಇಬ್ಬರೂ ಕ್ಯಾನು ಹಿಡಿದುಕೊಂಡು ಮರಳಿನ ಮೇಲೆ ನಿಧಾನಕ್ಕೆ ನಡೆದು ಬರತೊಡಗಿದರು. ಜನ ಅತ್ತ ಓಡಿದರು.

ಅಣ್ಣ ಮಾತ್ರ ನೀರಿನಲ್ಲೇ ಇದ್ದ. ಮುಖ ಸಮುದ್ರದ ಕಡೆಗೇ. ಎರಡೂ ಕೈ ಇನ್ನೂ ಮೇಲೇ ಇದ್ದವು, ಅಂಗೈಗಳು ಆಕಾಶಕ್ಕೆ.

"ಬಂದ, ಅಣ್ಣ. ಬಂದುಬಿಟ್ಟ. ಇಳಿಸು," ಎಂದಳು ತಂಗಿ.

ಅವನು ಇಳಿಸಲಿಲ್ಲ. ಅವಳು ನೀರಿಗಿಳಿದು ಅವನ ಒಂದು ಕೈ ಹಿಡಿದು ಕೆಳಗೆ ತಂದಳು. ಇನ್ನೊಂದು ಹಾಗೇ ಇತ್ತು.