ಅವರವರ ಕೀ

"ಪರಮೇಶ್ವರ ಸಾರ್ ಕೀದು ಒಂದು ಕಾಪಿ ನನ್ನ ಹತ್ರಾನೂ ಇರ್ಲಿ ಮೇಡಂ," ಎಂದಳು ಕುಸುಮಾ, ಕೊಟ್ಟಿಗೆಹಾರದ ಟೇಸ್ಟಿಂಗ್ ರೂಮಿನಿಂದ ಫೋನಿನಲ್ಲಿ. "ಅವ್ರಿಗೆ ಹೇಳೋದು ಬೇಡ."

ಸರ್ವರ್ ನೋಡಿಕೊಳ್ಳುವ ರಂಜನಾಳಿಗೆ ನಗು ಬಂತು. ಬೆಳೆಗಾರರ ಸಂಘದ ಮೂಡಿಗೆರೆ ಆಫೀಸಿನಲ್ಲಿ ಕೂತು ಬೆಳಗಿನಿಂದ ಅವಳು ಎಲ್ಲರಿಗೂ ಇದೇ ಪಾಠ ಹೇಳುತ್ತಿದ್ದಳು. ಪಾಸ್‌ವರ್ಡ್ ಬದಲು ಲಾಗಿನ್ ಆಗಲು ಬಳಸುವ ಈ ಕೀಯಲ್ಲಿ ಎರಡು ಭಾಗ. ಒಂದು ಭಾಗ ಒಂದು ಸಾಲಾಗಿ ಸರ್ವರಿನಲ್ಲಿರುತ್ತದೆ, ಅದನ್ನು ಯಾರು ನೋಡಿದರೂ ನಷ್ಟವಿಲ್ಲ. ಇನ್ನೊಂದು ಭಾಗ ಅವರವರ ಲ್ಯಾಪ್‌ಟಾಪ್ ಬಿಟ್ಟು ಕದಲಬಾರದು. ಹೆಂಡತಿಗೂ ಕೊಡಬಾರದು, ಗಂಡನಿಗೂ ಕೊಡಬಾರದು. ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು ಮದುವೆ ಮನೆಗೆ ಹೊರಡುವ ಜನಕ್ಕೆ ಇದು ಸುಲಭವಾಗಿ ತಲೆಗೆ ಹತ್ತುವ ಮಾತಲ್ಲ.

"ಹಂಗೆಲ್ಲ ಕಾಪಿ ಮಾಡೋ ಹಾಗಿಲ್ಲ ಮಾರಾಯ್ತಿ. ನಿಂದು ನಿಂಗೆ, ಅವ್ರದ್ದು ಅವ್ರಿಗೆ. ಅದಕ್ಕೇ ತಾನೆ ಇಷ್ಟೆಲ್ಲ ಮಾಡ್ತಿರೋದು?"

ಆ ಕಡೆ ಕಾಫಿ ಹುರಿಯುವ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು. ಕುಸುಮಾ ದನಿ ತಗ್ಗಿಸಿ, "ಹಂಗಾದ್ರೆ ಸಾರ್ ಮರ್ಯಾದೆ ಹೋಗತ್ತೆ ಮೇಡಂ," ಎಂದಳು.

ಸಂಘದ ಸರ್ವರ್ ಅಂದರೆ ದೊಡ್ಡ ಸಂಗತಿಯೇನಲ್ಲ. ಹಿಂದಿನ ಕೋಣೆಯಲ್ಲಿ, ಔಷಧಿ ಹೊಡೆಯುವ ಪಂಪುಗಳ ಪಕ್ಕ ಗುಂಯ್‌ಗುಡುವ ಒಂದು ಪೆಟ್ಟಿಗೆ. ಸಣ್ಣ ಬೆಳೆಗಾರರು ಸಂಘಕ್ಕೆ ತಂದು ಹಾಕಿದ ಕಾಫಿಯನ್ನು ಕೊಟ್ಟಿಗೆಹಾರದ ಟೇಸ್ಟಿಂಗ್ ರೂಮಿನಲ್ಲಿ ಹುರಿದು, ಕುದಿಸಿದ ನೀರು ಹಾಕಿ, ಕುಡಿದು ನೋಡಿ ಅಂಕ ಕೊಡುತ್ತಾರೆ. ಅಲ್ಲಿಂದಲೇ ಈ ಪೆಟ್ಟಿಗೆಗೆ ಲಾಗಿನ್ ಆಗಿ ಅಂಕ ಬರೆಯುತ್ತಾರೆ. ಆ ಅಂಕ ನೋಡಿಯೇ ಹೊರದೇಶದ ಗಿರಾಕಿಗಳು ಕೊಳ್ಳುವುದು. ಇಲ್ಲಿಯವರೆಗೆ ರೂಮಿಗೆಲ್ಲ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಅದನ್ನೂ ಮರೆಯಬಾರದೆಂದು ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿದ್ದರು. "ಒಂದೇ ಟೇಬಲ್ಲು, ಒಂದೇ ಪಾಸ್‌ವರ್ಡು" ಎನ್ನುವುದು ಹಿರಿಯ ಟೇಸ್ಟರ್ ಪರಮೇಶ್ವರ ಅವರ ಕಾನೂನು.

ಬೆಳಿಗ್ಗೆ ಕೊಟ್ಟ ಅಂಕ ಸಂಜೆಗೆ ಬೇರೆಯಾಗಿರುವುದನ್ನು ಮೊದಲು ಗಮನಿಸಿದವರು ಕಾರ್ಯದರ್ಶಿ ಪ್ರಸನ್ನಕುಮಾರ್. ಯಾವುದೋ ವ್ಯಾಪಾರಿ ಒಳಗೆ ಕೈ ಹಾಕಿದ್ದಾನೆ ಎಂದು ಅವರ ಅನುಮಾನ. ಸರ್ವರಿನ ದಾಖಲೆಯಲ್ಲಿ ಎಲ್ಲೆಲ್ಲಿಯವರೋ ಪಾಸ್‌ವರ್ಡ್ ಊಹಿಸುತ್ತ ಬಾಗಿಲು ತಟ್ಟಿದ್ದೂ ಕಂಡಿತು. "ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗ್ಲು ಹಾಕಿದ್ರಂತೆ. ನಮ್ಗೆ ಹಂಗಾಗ್ಬಾರ್ದು," ಎಂದು ಅವರು ರಂಜನಾಳಿಗೆ ಹೇಳಿದರು. ಪಾಸ್‌ವರ್ಡ್ ನಿಲ್ಲಿಸಿ, ಒಬ್ಬೊಬ್ಬರಿಗೂ ಅವರದೇ ಹೆಸರು, ಅವರದೇ ಕೀ ಎಂದು ತೀರ್ಮಾನವಾಯಿತು.

ಅಂಕ ತಿದ್ದುತ್ತಿದ್ದ ಆ 'ವ್ಯಾಪಾರಿ' ಯಾರೆಂದು ಈಗ ಕುಸುಮಾ ಫೋನಿನಲ್ಲಿ ಹೇಳುತ್ತಿದ್ದಳು. ತಾನೇ.

"ಹೋದ್ವರ್ಷ ಜ್ವರ ಬಂದಿತ್ತಲ್ಲ ಸಾರ್‌ಗೆ, ಆವಾಗಿಂದ ವಾಸ್ನೆ ಸರಿಯಾಗಿ ಹತ್ತಲ್ಲ ಮೇಡಂ. ಅವ್ರಿಗೆ ಗೊತ್ತಾಗ್ತಿಲ್ಲ. ಕೆಟ್ಟಿರೋ ಲಾಟ್‌ಗೂ ಚೆನ್ನಾಗಿದೆ ಅಂತಾರೆ. ಅವ್ರು ಮನೆಗೆ ಹೋದ್ಮೇಲೆ ನಾನು ಇನ್ನೊಂದ್ಸಲ ಕುಡ್ದು ತಿದ್ದಿಡ್ತೀನಿ. ಇನ್ಮೇಲೆ ನನ್ನ ಹೆಸ್ರಲ್ಲಿ ತಿದ್ದಿದ್ರೆ ಎಲ್ರಿಗೂ ಗೊತ್ತಾಗಿಬಿಡತ್ತೆ. ಒಂದು ರೂಪಾಯಿ ಮುಟ್ಟಿಲ್ಲ, ದೇವ್ರಾಣೆ."

ರಂಜನಾ ಅದನ್ನು ನಂಬಿದಳು. ಬಿ.ಎಸ್ಸಿ. ಮುಗಿಸಿ ಬಂದ ಕುಸುಮಾಳ ಕೈಗೆ ಚಮಚ ಕೊಟ್ಟು, ಯಾವ ವಾಸನೆ ಎಲ್ಲಿಂದ ಬರುತ್ತದೆಂದು ಕಲಿಸಿದವರು ಪರಮೇಶ್ವರ. ಆ ಕೋಣೆಯಲ್ಲಿ ಅವರು ಕುಡಿಯುವ ಮುನ್ನ ಯಾರೂ ಕುಡಿಯುವಂತಿಲ್ಲ, ಅವರು ಅಂಕ ಹೇಳಿದ ಮೇಲೆ ಯಾರೂ ಎದುರಾಡುವಂತಿಲ್ಲ. ಎದುರು ಹೇಳಲಾಗದ್ದನ್ನು ಹುಡುಗಿ ಹಿಂದಿನಿಂದ ತಿದ್ದಿದ್ದಳು. ರಂಜನಾಳಿಗೂ ಅವರ ಋಣ ಕಡಿಮೆಯಿರಲಿಲ್ಲ. ಹೆಣ್ಣುಮಗಳಿಗೆ ಸರ್ವರ್ ಒಪ್ಪಿಸುವುದೇ ಎಂದು ಸಮಿತಿಯವರು ರಾಗ ಎಳೆದಾಗ, "ನಿಮ್ಮ ಗಂಡುಮಕ್ಳು ಇಷ್ಟು ದಿನ ಏನ್ ಕಡ್ದು ಕಟ್ಟೆ ಹಾಕಿದಾರೆ?" ಎಂದು ಕೇಳಿದವರು ಅವರೊಬ್ಬರೇ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೊಂದು ದಾರಿಯಿತ್ತು. ಪರಮೇಶ್ವರ ಅವರ ಖಾತೆಯಲ್ಲಿ ಅವರ ಕೀಯ ಸಾಲು ಬರಬೇಕಾದ ಜಾಗದ ಕೆಳಗೆ, ಕುಸುಮಾ ಆಗಲೇ ಕಳಿಸಿದ್ದ ಅವಳ ಕೀಯ ಸಾಲನ್ನೂ ಸೇರಿಸಿಬಿಟ್ಟರೆ ಇಬ್ಬರಿಗೂ ಅದೇ ಬಾಗಿಲು ತೆರೆಯುತ್ತದೆ. ಕುಸುಮಾ ಅವರ ಹೆಸರಿನಲ್ಲೇ ಒಳಗೆ ಹೋಗಿ ತಿದ್ದಬಹುದು. ರಂಜನಾ ಆ ಸಾಲನ್ನು ಸೇರಿಸಿದಳು. ತಪ್ಪು ಎಂದು ಗೊತ್ತಿತ್ತು, ಆದರೂ ಮನಸ್ಸು ಹಗುರಾಯಿತು. ಪರಮೇಶ್ವರ ಅವರ ಲ್ಯಾಪ್‌ಟಾಪಿಗೆ ಕೀ ಮಾಡಿಕೊಡಲು ಕೊಟ್ಟಿಗೆಹಾರದ ಬಸ್ಸು ಹತ್ತಿದಳು.

ಟೇಸ್ಟಿಂಗ್ ರೂಮಿನ ಎದುರು ಬಿಸಿಲು ಚೆನ್ನಾಗಿತ್ತು. ಒಳಗೆ ಉದ್ದ ಟೇಬಲ್ಲಿನ ಮೇಲೆ ಬಿಳಿ ಬಟ್ಟಲುಗಳು ಸಾಲಾಗಿದ್ದವು. ಕುಸುಮಾ ಅವಳ ಮುಖ ನೋಡಿದಳು. ಕೆಲಸ ಆಗಿದೆ ಎಂಬಂತೆ ರಂಜನಾ ಸಣ್ಣಗೆ ತಲೆಯಾಡಿಸಿದಳು.

"ಬಾ ಬಾ, ನಿನ್ನೇ ಕಾಯ್ತಿದ್ದೆ," ಎಂದರು ಪರಮೇಶ್ವರ. ಕೀ ತಯಾರಾಗುವಾಗ ಅದಕ್ಕೊಂದು ಗುಟ್ಟಿನ ಮಾತು ಕೊಡಬೇಕೆಂದು ರಂಜನಾ ಹೇಳಿ ಮುಖ ತಿರುಗಿಸಿ ಕೂತಳು. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಅವರ ಕೀಯ ಸಾಲನ್ನು ರಂಜನಾ ಸೇರಿಸಿದ ಮೇಲೆ ಮೂಡಿಗೆರೆಯ ಸರ್ವರ್ ಪಾಸ್‌ವರ್ಡ್ ಕೇಳದೆ ಅವರನ್ನು ಒಳಗೆ ಬಿಟ್ಟಿತು.

"ಇನ್ಮೇಲೆ ನನ್ನ ಹೆಸ್ರಲ್ಲಿ ಬರೋದೆಲ್ಲ ನಾನೇ ಬರ್ದಿದ್ದು ಅಂತ ಲೆಕ್ಕ, ಅಲ್ವಾ?"

"ಹೌದು ಸಾರ್."

"ಅಷ್ಟಾದ್ರೆ ಸಾಕು. ಪ್ರಸನ್ನ ನನ್ನತ್ರಾನೇ ಕೇಳ್ದ ನೋಡು, ಅಂಕ ಯಾಕೆ ಬದ್ಲಾಗತ್ತೆ ಸಾರ್ ಅಂತ. ಈ ಟೇಬಲ್ ಮುಂದೆ ನಿಂತು ತಲೆ ಬೆಳ್ಳಗಾಯ್ತು, ಒಂದಿನ ನಂಗೆ ಯಾರೂ ಹಂಗೆ ಕೇಳಿರ್ಲಿಲ್ಲ." ಅವರು ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದರು. "ಮೂಗು ಒಂಚೂರು ಮಂದ ಆಗಿದೆ, ಒಪ್ಕೊಳ್ತೀನಿ. ನಾಲ್ಗೆ ಗಟ್ಟಿ ಇದೆ. ಆ ಜ್ವರ ಆದ್ಮೇಲೂ ಗಿರಾಕಿಗಳಿಂದ ಒಂದೇ ಒಂದು ದೂರು ಬಂದಿಲ್ಲ, ಗೊತ್ತಾ?"

ಕುಸುಮಾ ಟೇಬಲ್ಲಿನ ಆ ತುದಿಯಲ್ಲಿ ಬಟ್ಟಲು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಬಸ್ಸಿನ ದಾರಿಯುದ್ದಕ್ಕೂ ಹೊಳೆಯದಿದ್ದದ್ದು ಈಗ ರಂಜನಾಳಿಗೆ ಹೊಳೆಯಿತು. ಸಂಜೆ ಕುಸುಮಾ ತಿದ್ದಿದರೆ ದಾಖಲೆಯಲ್ಲಿ ಬರುವ ಹೆಸರು ಪರಮೇಶ್ವರ. ಬೆಳಿಗ್ಗೆ ಒಂದು ಅಂಕ, ಸಂಜೆ ಇನ್ನೊಂದು ಅಂಕ, ಎರಡೂ ಅವರದೇ. ಪ್ರಸನ್ನಕುಮಾರ್ ಕೇಳಿದಾಗ ತಾನು ತಿದ್ದಿಲ್ಲ ಎಂದು ಅವರು ಆಣೆ ಮಾಡುತ್ತಾರೆ. ಆಗ ಯಾರು ನಂಬುತ್ತಾರೆ? ಮರ್ಯಾದೆ ಉಳಿಸಲು ಹೋಗಿ ಅವಳು ಅವರನ್ನೇ ಕಳ್ಳನನ್ನಾಗಿ ಮಾಡಿಟ್ಟು ಬಂದಿದ್ದಳು.

ಪರಮೇಶ್ವರ ಎದ್ದು ಚಮಚ ಹಿಡಿದರು. ಬಟ್ಟಲಿನ ಮೇಲೆ ಬಗ್ಗಿ ಸೊರ್ರೆಂದು ಎಳೆದರು, ಬಾಯೊಳಗೆ ಆಡಿಸಿ ಉಗಿದರು. ಮುಂದಿನದು, ಅದರ ಮುಂದಿನದು. ಕಿಟಕಿಯ ಪಕ್ಕದ ಬಟ್ಟಲಿಗೆ ಬಂದಾಗ ಕುಸುಮಾ ತಲೆ ತಗ್ಗಿಸಿದಳು. ರಂಜನಾ ಟೇಸ್ಟರ್ ಅಲ್ಲ, ಆದರೂ ಅವಳ ಮೂಗಿಗೇ ಅಡರಿತು. ಒದ್ದೆ ಗೋಣಿಚೀಲದ ಮುಗ್ಗಲು ವಾಸನೆ.

"ಇದು ಕ್ಲೀನು. ಬಾಯಲ್ಲಿ ಮೈಯೂ ದಪ್ಪಗೆ ಚೆನ್ನಾಗಿದೆ," ಎಂದು ಪರಮೇಶ್ವರ ಲ್ಯಾಪ್‌ಟಾಪಿನ ಮುಂದೆ ಕೂತು ಒಳ್ಳೆಯ ಅಂಕವೊಂದನ್ನು ಒತ್ತಿದರು. ಸರ್ವರಿಗೆ ಕಳಿಸಲು ಇನ್ನೊಂದು ಬೆರಳಷ್ಟೇ ಬಾಕಿ.

"ಸಾರ್, ಒಂದ್ನಿಮಿಷ." ರಂಜನಾ ಕೈ ಅಡ್ಡ ಹಿಡಿದಳು. "ಅದನ್ನ ಕುಸುಮಾ ಒಂದ್ಸಲ ನೋಡ್ಲಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ಯಾಕೆ?"

ಅವರು ತಿರುಗಿ ಕುಸುಮಾಳನ್ನು ನೋಡಿದರು. ಅವಳ ಕಣ್ಣು ತುಂಬಿತ್ತು.

"ಏನಿದೆ ಅದ್ರಲ್ಲಿ? ಹೇಳು ಮಗಾ."

"ಮುಗ್ಗಲು, ಸಾರ್."

ಪರಮೇಶ್ವರ ಆ ಬಟ್ಟಲನ್ನು ಎತ್ತಿ ಮೂಗಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ಕೆಳಗಿಟ್ಟು, ಮತ್ತೆ ಎತ್ತಿ ಹಿಡಿದರು. ಹೊರಗೆ ಘಾಟಿ ಇಳಿಯುವ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ಇವತ್ತೊಂದೇನಾ?"

"ಇಲ್ಲ ಸಾರ್. ಜ್ವರ ಬಿಟ್ಟು ಬಂದ್ರಲ್ಲ, ಆವಾಗಿಂದ."

"ತಿದ್ದಿದ್ದು ನೀನಾ?"

ಅವಳು ಹೌದೆಂದು ತಲೆಯಾಡಿಸಿದಳು. ಬೈಗುಳ ಬರುತ್ತದೆಂದು ರಂಜನಾ ಕಾದಳು. ಬರಲಿಲ್ಲ. ಬಂದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ.

"ಹಂಗಾದ್ರೆ ದೂರು ಬರ್ದೇ ಇರೋ ಆ ಒಳ್ಳೆ ಹೆಸ್ರೆಲ್ಲ ನಿಂದು," ಎಂದರು ಅವರು.

"ಕಲ್ಸಿದ್ದು ನೀವಲ್ವಾ ಸಾರ್."

"ಅದು ಬೇರೆ ಮಾತು." ಅವರು ಕೂತು, ಒತ್ತಿದ್ದ ಅಂಕವನ್ನು ಅಳಿಸಿದರು. "ರಂಜನಾ, ನನ್ನ ಕೀನ ನೋಡೋದಕ್ಕೆ ಮಾತ್ರ ಇಡು. ಬರೆಯೋದು ಇವ್ಳು. ಇವ್ಳ ಹೆಸ್ರಲ್ಲೇ ಬರ್ಲಿ. ಪ್ರಸನ್ನಂಗೆ ನಾನೇ ಫೋನ್ ಮಾಡಿ ಹೇಳ್ತೀನಿ."

"ಸಾರ್, ಅಷ್ಟೊಂದು..."

"ಮಾಡು ಮಾರಾಯ್ತಿ."

ರಂಜನಾ ತನ್ನ ಲ್ಯಾಪ್‌ಟಾಪ್ ತೆರೆದಳು. ಬೆಳಿಗ್ಗೆ ಗುಟ್ಟಾಗಿ ಸೇರಿಸಿದ್ದ ಸಾಲನ್ನು ತೆಗೆದಳು. ಪಾಸ್‌ವರ್ಡಿನಿಂದ ಒಳಬರುವ ದಾರಿಯನ್ನು ಮುಚ್ಚಿದಳು. ಮುನ್ನೆಚ್ಚರಿಕೆಗೆಂದು ಪರದೆಯ ಮೇಲೆ ಆಗಲೇ ಲಾಗಿನ್ ಆಗಿದ್ದ ಕಿಟಕಿಯನ್ನು ತೆರೆದೇ ಇಟ್ಟು, ಇನ್ನೊಂದು ಕಿಟಕಿಯಿಂದ ತನ್ನ ಕೀ ಹಾಕಿ ನೋಡಿದಳು. ಬಾಗಿಲು ತೆರೆಯಿತು. ಕುಸುಮಾ ತನ್ನ ಹೆಸರಿನಲ್ಲಿ ಒಳಗೆ ಹೋಗಿ ಆ ಮುಗ್ಗಲು ಲಾಟಿಗೆ ಮೊದಲ ಅಂಕ ಬರೆದಳು. ಎರಡು ಸಲ ತಪ್ಪು ಒತ್ತಿ ಅಳಿಸಿದಳು.

ಅಷ್ಟರಲ್ಲಿ ಪರಮೇಶ್ವರ ಎದ್ದು ಹೋಗಿ ನೀರು ಕುದಿಸಿದ್ದರು. ಮುಂದಿನ ಸಾಲಿನ ಪುಡಿಯ ಮೇಲೆ ಒಂದೊಂದಾಗಿ, ಒಂದು ಹನಿ ಚೆಲ್ಲದಂತೆ ನೀರು ಹೊಯ್ದರು. ಕುಸುಮಾ ಚಮಚ ಹಿಡಿದು ಬಂದು, ಅಭ್ಯಾಸದಂತೆ ಅವರಿಗಾಗಿ ಕಾದು ನಿಂತಳು.

"ಆರಿ ಹೋಗತ್ತೆ, ಕುಡಿ," ಎಂದರು.

ಅವಳು ಬಗ್ಗಿ ಮೊದಲ ಬಟ್ಟಲಿನ ಹತ್ತಿರ ಮೂಗು ತಂದಳು. ಪರಮೇಶ್ವರ ಕೆಟಲನ್ನು ಕೆಳಗಿಡದೆ ಅವಳ ಮುಖವನ್ನೇ ನೋಡುತ್ತ ನಿಂತರು.