ಐವತ್ತೆಂಟನೇ ಪುಟದ ಮುಖ

ನಾನು ಒಂದು ಪುಸ್ತಕ. ಪೂರ್ತಿ ಪುಸ್ತಕ ಅಂತಲೂ ಹೇಳುವಂತಿಲ್ಲ. ಸಾವಿರಗಟ್ಟಲೆ ಅಚ್ಚು ಹಾಕುವ ಮೊದಲು, ಹೇಗೆ ಕಾಣುತ್ತದೆ ನೋಡೋಣ ಎಂದು ಒಂದೇ ಒಂದು ಪ್ರತಿ ಮಾಡುತ್ತಾರಲ್ಲ, ಡಮ್ಮಿ, ಅದು ನಾನು. ಹುಟ್ಟಿದ್ದು ಗದಗಿನ ಒಂದು ಪ್ರೆಸ್ಸಿನಲ್ಲಿ. ಬೆನ್ನಿಗೆ ಬಿಸಿ ಗೋಂದು ಹಚ್ಚಿ ಒತ್ತಿದರು, ಮೂರು ಕಡೆ ಕತ್ತರಿಸಿದರು. ಗೋಂದು ಇನ್ನೂ ಆರಿರಲಿಲ್ಲ, ಅಷ್ಟರಲ್ಲೇ ಒಬ್ಬ ಹುಡುಗಿ ನನ್ನನ್ನು ಎತ್ತಿಕೊಂಡು ಮೂಗಿಗೆ ಹಿಡಿದು ಮೂಸಿದಳು.

ಅವಳೇ ಭುವನಾ, ನನ್ನನ್ನು ಬರೆದವಳು. ಎಂ.ಎ. ಮುಗಿಸಿ ಎರಡು ವರ್ಷ ಗುಜರಿ ಅಂಗಡಿಗಳನ್ನೆಲ್ಲ ತಿರುಗಿ ಹಳೇ ಕ್ಯಾಸೆಟ್ಟು ಕೂಡಿಸಿದವಳು. ಬೇರೆ ಯಾವ ಕ್ಯಾಸೆಟ್ಟೂ ಅಲ್ಲ, ಚೆಂಡುಹೂ ಕ್ಯಾಸೆಟ್ಸಿನವು ಮಾತ್ರ. ಕೊಟಗಿ ಮಹಾರುದ್ರಪ್ಪ ಎಂಬವರು ರೇಡಿಯೊ ರಿಪೇರಿ ಅಂಗಡಿಯ ಹಿಂದಿನ ಕೋಣೆಗೆ ಗೋಣಿಚೀಲ ಬಡಿದು, ಅದನ್ನೇ ಸ್ಟುಡಿಯೊ ಎಂದು ಕರೆದು ಶುರು ಮಾಡಿದ ಕಂಪನಿ. ದೊಡ್ಡ ಕಂಪನಿಗಳು ಸಿನಿಮಾ ಹಾಡಿನ ಹಿಂದೆ ಓಡುತ್ತಿದ್ದಾಗ ಇವರು ಹಂತಿಪದ, ಡೊಳ್ಳಿನ ಪದ, ಬೀಸುವ ಪದ ಹಿಡಿದು ತಂದರು. ಲಾರಿಯಲ್ಲಿ, ಬಸ್ಸಿನಲ್ಲಿ, ಚಹದಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಎಲ್ಲೆಲ್ಲೂ ಚೆಂಡುಹೂವೇ! ಹಿಟ್ಟಿನ ಗಿರಣಿಯಲ್ಲಿ ಬೀಸುವ ಪದ! ಅವರನ್ನು ನೋಡಿ ಆಮೇಲೆ ಊರೂರಿಗೆ ಕ್ಯಾಸೆಟ್ ಕಂಪನಿ ಎದ್ದವು. ಆ ಚರಿತ್ರೆಯೆಲ್ಲ ಚಿತ್ರಗಳಾಗಿ ನನ್ನ ನೂರಾ ನಾಲ್ಕು ಪುಟಗಳಲ್ಲಿದೆ.

ಐವತ್ತೆಂಟನೇ ಪುಟ ಮಾತ್ರ ಅರ್ಧ ಖಾಲಿ. ಎಡಕ್ಕೆ 'ಬೀಸುಕಲ್ಲಿನ ಪದಗಳು' ಕ್ಯಾಸೆಟ್ಟಿನ ಮುಖಪುಟ, ಬೀಸುಕಲ್ಲಿನ ಗೂಟ ಹಿಡಿದು ಕೂತ ಚೆಲುವೆಯೊಬ್ಬಳ ಚಿತ್ರ. ಕಂಪನಿಯ ಎಲ್ಲ ಕ್ಯಾಸೆಟ್ಟಿಗಿಂತ ಹೆಚ್ಚು ಮಾರಿದ್ದು ಅದೇ. ಬಲಕ್ಕೆ ಅಂಗೈಯಷ್ಟು ಚೌಕ, ಒಳಗೆ ಏನೂ ಇಲ್ಲ. ಅಚ್ಚಿನ ಖರ್ಚು ಕೊಟಗಿಯವರದೇ. ಭುವನಾ ನನ್ನನ್ನು ಅವರ ತೊಡೆಯ ಮೇಲಿಟ್ಟು ಆ ಪುಟ ತೆರೆದಳು.

"ಕಾಕಾ, ಹಾಡಿದಾಕಿ ಫೋಟೋ ಎಲ್ಲೈತ್ರಿ?"

"ಮುಖಪುಟದಾಗಽ ಐತೆಲ್ಲವಾ."

"ಇಕಿ ನಾಟಕ ಕಂಪನಿಯಾಕಿ ಅಂತ ನೀವಽ ಹೇಳೀರಿ. ನಾ ಹಾಡಿದಾಕಿದು ಕೇಳಾಕತ್ತೀನಿ."

ಕೊಟಗಿಯವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. "ಹಾಡಿದಾಕಿ ಫೋಟೋ ಯಾರು ತಗೀತಿದ್ರವಾ ಅವಾಗ? ಅಕಿ ಕಳೆ ತಗದು ಕೈ ತೊಳಕೊಂಡು ನೆಟ್ಟಗ ಸ್ಟುಡಿಯೊಕ್ಕ ಬಂದಾಕಿ. ಧ್ವನಿ ಬಂಗಾರ, ಖರೆ. ಆದ್ರ ಅಂಗಡ್ಯಾಗ ಧ್ವನಿ ಕಾಣತೈತೇನು? ಚಂದನ್ನ ಹುಡಿಗಿ ಕೂಡ್ಸಿ ಫೋಟೋ ತಗಿಸಿದ್ವಿ. ಎಲ್ಲಾರೂ ಹಂಗಽ ಮಾಡ್ತಿದ್ರು."

ಕ್ಯಾಸೆಟ್ಟಿನ ಹಿಂದೆ ಹೆಸರೂ ಇರಲಿಲ್ಲ. 'ಗಾಯನ: ಚೆಂಡುಹೂ ಬಳಗ' ಅಷ್ಟೇ. ಬಹಳ ಹೊತ್ತು ತಲೆ ಕೆರೆದುಕೊಂಡು ಕೊಟಗಿಯವರು ಒಂದು ಹೆಸರು, ಒಂದು ಊರು ಹೇಳಿದರು. ಸಾವಂತ್ರವ್ವ, ಕಣವಿಹಾಳ. "ಇದ್ದಾಳೋ ಇಲ್ಲೋ."

ಇದ್ದಳು. ಭುವನಾ ಮರುದಿನವೇ ನನ್ನನ್ನು ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ತುರುಕಿ ಬಸ್ಸು ಹತ್ತಿದಳು. ಮುದುಕಿ ಅಂಗಳದಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಕೆಮ್ಮು. ಮಾತೂ ಗೊರಗೊರ. ನನ್ನನ್ನು ಕಣ್ಣಿನ ಹತ್ತಿರ ಹಿಡಿದು ಕ್ಯಾಸೆಟ್ಟಿನ ಮುಖಪುಟದ ಹುಡುಗಿಯನ್ನು ನೋಡಿದಳು, ನೋಡಿ ನಕ್ಕಳು.

"ಇಕಿ ಇನ್ನೂ ಬೀಸಾಕತ್ತಾಳೇನ? ಗೂಟ ಹಿಡದದ್ದು ನೋಡ ಯವ್ವಾ, ಎಮ್ಮಿ ಮೊಲಿ ಹಿಡದಂಗ ಹಿಡದಾಳ. ಕಲ್ಲಾಗ ಒಂದು ಕಾಳಿಲ್ಲ!"

ಒಳಗಿಂದ ಸೊಸೆ ಕಸ್ತೂರಿ ಬಂದಳು. ಕೈಯೆಲ್ಲ ರೊಟ್ಟಿ ಹಿಟ್ಟು. "ಅತ್ತಿ, ಮತ್ತ ಸುರು ಮಾಡಬ್ಯಾಡ್ರಿ. ಅಕ್ಕಾರ, ಇವರ ಮಾತು ಮನಸಿಗೆ ಹಚ್ಕೋಬ್ಯಾಡ್ರಿ. ಆ ಪದ ಎಲ್ಲಿ ಕೇಳಿದ್ರೂ ನಾನಽ ಹಾಡೀನಿ ಅಂತಾರ. ನಾ ಈ ಮನಿಗೆ ಬಂದಾಗಿಂದ ಇದಽ ಹಾಡು."

"ಖರೇನಽ ಹಾಡ್ಯಾರ" ಎಂದಳು ಭುವನಾ.

ಕಸ್ತೂರಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ನಂಬಲಿಲ್ಲ. ಬೈಯಲೂ ಇಲ್ಲ, ಚಹ ಇಟ್ಟಳು.

ಆಗ ಮುದುಕಿ ಹೇಳಿದ್ದನ್ನು ನಾನು ಕೇಳಿದ್ದೇನೆ. ಕ್ಯಾಸೆಟ್ಟು ಬಂದ ದಿನ ಗಂಡನಿಗೆ ತೋರಿಸಿದಳಂತೆ. ಅವನು ಮುಖಪುಟ ನೋಡಿ, "ಹಾಡಿದಾಕಿ ನೀನಾದ್ರ ಈ ಚೆಲುವಿ ಯಾರಲೇ?" ಅಂದನಂತೆ. ಓಣಿಗೆ ಓಣಿಯೇ ನಕ್ಕಿತಂತೆ. ಹಟಕ್ಕೆ ಬಿದ್ದು ಕಟ್ಟೆಯ ಮೇಲೆ ಕೂತು ಹಾಡಿ ತೋರಿಸಿದಳು. ಒಂದು ಎಳೆ ಹೆಚ್ಚುಕಡಿಮೆ ಇಲ್ಲದೆ, ಕ್ಯಾಸೆಟ್ಟಿನಲ್ಲಿದ್ದ ಹಾಗೇ. "ಟೇಪ್ ಕೇಳಿ ಎಷ್ಟು ಛಂದ ಕಲತಾಳ ನೋಡ್ರಿ" ಅಂದರಂತೆ ಜನ. ಈಗ ಹಾಡಿ ತೋರಿಸೋಣ ಎಂದರೆ ಗಂಟಲೇ ಇಲ್ಲ.

"ಬುಕ್ಕಿನಾಗ ನನ್ನ ಮುಖಾ ಹಾಕ್ತಿಯೇನ ತಂಗಿ?" ಎಂದು ಕೇಳಿದಳು. ಆಮೇಲೆ ಒಳಗಿನ ಕಡೆ ಕೈ ತೋರಿಸಿ, ದನಿ ತಗ್ಗಿಸಿ, "ಮಂದಿ ಹಾಳಾಗಿ ಹೋಗ್ಲಿ. ಸಾಯೂದ್ರಾಗ ಇಕಿ ಒಬ್ಬಾಕಿ ನಂಬಿದ್ರ ಸಾಕು. ನನಗ ಉಣ್ಣಾಕ ಹಾಕೂದು ಇಕೀನಽ."

ಭುವನಾ ಅಲ್ಲಿಯೇ ಫೋನಿನಲ್ಲಿ ಫೋಟೊ ತೆಗೆದಳು. ಮುದುಕಿ ಸೆರಗು ಸರಿ ಮಾಡಿಕೊಂಡಳು, ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡಳು. ವಾರ ಕಳೆದು ಭುವನಾ ಮತ್ತೆ ಬಂದು, ಆ ಫೋಟೊವನ್ನು ನನ್ನ ಚೌಕದ ಅಳತೆಗೆ ಕತ್ತರಿಸಿ ಗೋಂದಿನಿಂದ ಅಂಟಿಸಿದಳು. ಅಡಿಯಲ್ಲಿ ಪೆನ್ನಿನಿಂದ ಬರೆದಳು: 'ಹಾಡಿದವರು: ಸಾವಂತ್ರವ್ವ ಹಾದಿಮನಿ.' "ಅಚ್ಚಿಗೂ ಇದನ್ನಽ ಕಳಿಸೀನಿ ಆಯಿ. ಹೊಸಾ ಬುಕ್ ಬರೂತನ ಇದು ನಿಮ್ಮ ಕಡೆ ಇರ್ಲಿ."

ಹೀಗೆ ನನ್ನ ಮನೆ ಬದಲಾಯಿತು. ಮುದುಕಿ ನನ್ನನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ಟುಕೊಂಡಳು. ಓದಲು ಬಾರದು. ಆದರೂ ಐವತ್ತೆಂಟನೇ ಪುಟ ಬೆರಳಿಗೇ ಗೊತ್ತಾಗುತ್ತಿತ್ತು, ಅಂಟಿಸಿದ ಕಾರಣ ಅಲ್ಲಿ ದಪ್ಪ. ಬಂದವರಿಗೆಲ್ಲ ತೋರಿಸಿದಳು. ಬಂದವರೆಲ್ಲ ಫೋಟೊದ ಅಂಚಿಗೆ ಉಗುರು ಹಾಕಿ ನೋಡಿದರು. "ಅಂಟಿಸಿದ್ದೈತಲ್ಲಬೇ ಇದು! ಅಂಟಿಸೂದಾದ್ರ ನಾನೂ ನಂದು ಅಂಟಿಸ್ತೀನಿ" ಎಂದು ಪಕ್ಕದ ಮನೆಯವಳು ನಕ್ಕಳು. ಆ ಪುಟದ ತುಂಬ ಉಗುರುಗಳ ಗೀರುಗಳು ಮೂಡಿದವು.

ಕಸ್ತೂರಿ ನಗಲಿಲ್ಲ. "ಅಚ್ಚಾಗಿ ಬರ್ಲಿ ಅತ್ತಿ. ಅಚ್ಚಾಗಿದ್ದು ಸುಳ್ಳಿರೂದಿಲ್ಲ. ನಿಮ್ಮ ಮುಖಾ ಬಂತಂದ್ರ ನಾನಽ ಓಣಿಗೆಲ್ಲಾ ಸಕ್ರಿ ಹಂಚತೀನಿ" ಎಂದಳು. ಮನಸ್ಸಿನಿಂದಲೇ ಹೇಳಿದಳು, ನನಗೆ ಗೊತ್ತು.

ಎರಡು ತಿಂಗಳು ಮುದುಕಿ ಬಸ್ಸಿನ ಸಪ್ಪಳಕ್ಕೆಲ್ಲ ತಲೆ ಎತ್ತಿದಳು.

ಭುವನಾ ಬಂದಳು. ಸದಾ ಪಟಪಟ ಮಾತಾಡುವ ಹುಡುಗಿ ಕಟ್ಟೆಯ ಮೇಲೆ ಕೂತು ಚೀಲದ ಬಾಯಿ ಬಿಗಿಯಾಗಿ ಹಿಡಿದುಕೊಂಡಳು. ಕಸ್ತೂರಿಯೇ ಚೀಲಕ್ಕೆ ಕೈ ಹಾಕಿ ಪುಸ್ತಕ ತೆಗೆದಳು. ನನ್ನ ತಮ್ಮ ಎನ್ನಬೇಕು. ಗಟ್ಟಿ ರಟ್ಟು, ಮಿಣಮಿಣ ಹಾಳೆ. ನನ್ನ ಪಕ್ಕ ಇಟ್ಟು ಐವತ್ತೆಂಟನೇ ಪುಟ ತೆರೆದಳು. ಬಲಗಡೆಯ ಚೌಕದಲ್ಲಿ ನಾಟಕ ಕಂಪನಿಯ ಹುಡುಗಿಯ ಮುಖ, ದೊಡ್ಡದು ಮಾಡಿ ಹಾಕಿದ್ದರು. ಅದರ ಅಡಿಯಲ್ಲಿ ದಪ್ಪ ಅಕ್ಷರ: 'ಹಾಡಿದವರು: ಸಾವಂತ್ರವ್ವ ಹಾದಿಮನಿ.'

"ಹೆಸರು ಹಾಕಲೇಬೇಕು ಅಂತ ನಾನಽ ಜಗಳಾ ತಗದಿದ್ದೆ ಆಯಿ" ಎಂದಳು ಭುವನಾ. "ಹೆಸರು ಹಾಕಿದ್ರು. ಫೋಟೋ ಮಾತ್ರ ಕಾಕಾ ಕಡೀಗಳಿಗ್ಯಾಗ ಪ್ರೆಸ್ಸಿಗೆ ಹೋಗಿ ಬದಲಿ ಮಾಡಿಸ್ಯಾರ. ಮಂದಿಗೆ ಗೊತ್ತಿರೂ ಮುಖಾ ಇದು, ಮುದುಕೀನ ನೋಡಿದ್ರ ಯಾರಿಕಿ ಅಂತಾರ, ಅಂದ್ರು. ಎರಡು ಸಾವಿರ ಪ್ರತಿ ಆಗಿಹೋಗ್ಯಾವ. ನಾ ಹೆಸರು ಬ್ಯಾಡ ಅಂದಿದ್ರಽ ಚಲೋ ಇತ್ತು."

ಕಸ್ತೂರಿಯ ಕಿವಿಗೆ ಅವಳ ಮಾತು ಬೀಳಲೇ ಇಲ್ಲ. ಅಕ್ಷರದ ಕೆಳಗೆ ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ಅತ್ತೆಯ ಪಕ್ಕ ಕೂತು, ಬೆನ್ನ ಮೇಲೆ ಕೈಯಿಟ್ಟು, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು.

"ನೋಡ್ರಿ ಅತ್ತಿ, ಇಕಿ ಹೆಸರೂ ಸಾವಂತ್ರವ್ವನಽ ಅಂತ. ಹೆಸರು, ಅಡ್ಡಹೆಸರು ಎಲ್ಲಾ ಒಂದಽ ಆಗೇತಿ. ಅದಕ್ಕಽ ನಿಮಗ ಹಂಗ ಅನಿಸೇತಿ. ನಿಮ್ಮ ತಪ್ಪಲ್ಲ ಬಿಡ್ರಿ."

ಭುವನಾ ಏನೋ ಹೇಳಲು ಎದ್ದಳು. ಮುದುಕಿ ಬೇಡ ಎಂದು ಕೈ ಮಾಡಿದಳು. ಬಹಳ ಹೊತ್ತು ಎರಡೂ ಪುಸ್ತಕ ನೋಡಿದಳು.

"ಇರಬೇಕವಾ" ಎಂದಳು. "ವಯಸ್ಸಾತು. ನನಗಽ ಮರ್ತಿರಬೇಕು."

ಎದ್ದು ಹೋಗಿ ಮೆಣಸಿನಕಾಯಿಯ ಮುಂದೆ ಕೂತಳು. ಆಮೇಲೆ ನನ್ನನ್ನು ತೆರೆಯಲಿಲ್ಲ. ಆ ಪದಗಳ ಮಾತನ್ನೂ ಎತ್ತಲಿಲ್ಲ. ಕಸ್ತೂರಿಗೆ ಒಂಥರಾ ಸಮಾಧಾನವಾಗಿತ್ತು, ಅತ್ತೆಗೆ ಬುದ್ಧಿ ಸ್ಥಿಮಿತಕ್ಕೆ ಬಂತು ಎಂದು.

ಆ ಚಳಿಗಾಲ ಮುದುಕಿ ತೀರಿಕೊಂಡಳು. ಓಣಿಯ ಬಾಯಲ್ಲಿ ಫ್ಲೆಕ್ಸ್ ಹಾಕಲು ಫೋಟೊ ಬೇಕಾಯಿತು. ಆಧಾರ್ ಕಾರ್ಡಿನಲ್ಲಿದ್ದದ್ದು ಚೆನ್ನಾಗಿಲ್ಲ ಎಂದು ಕಸ್ತೂರಿಗೆ ನನ್ನ ನೆನಪಾಯಿತು. ಆ ಹಾಳೆಯನ್ನು ಬುಡದಿಂದ ಕಿತ್ತು, ಕತ್ತರಿಯಿಂದ ಮುಖದಷ್ಟನ್ನೇ ಕತ್ತರಿಸಿದಳು. ಪೆನ್ನಿನಲ್ಲಿ ಬರೆದ ಸಾಲು ಬೇಡವಾಗಿತ್ತು, ಒಲೆಗೆ ಹೋಯಿತು. ಬಾಗಿಲಿನಷ್ಟು ದೊಡ್ಡ ಫ್ಲೆಕ್ಸ್ ಆಯಿತು. ಭಾವಪೂರ್ಣ ಶ್ರದ್ಧಾಂಜಲಿ, ಹೆಸರು, ಮಗ, ಸೊಸೆ, ಬಂಧುಬಳಗ. ಹಾಡಿದಳು ಎಂದು ಎಲ್ಲೂ ಇಲ್ಲ. ಬರೆಸುವುದಕ್ಕೆ ಯಾರಿಗೆ ಗೊತ್ತಿತ್ತು?

ಈಗ ನಾನು ಅಡುಗೆಮನೆಯ ಕಿಟಕಿಗೂಡಿನಲ್ಲಿ ಗ್ಯಾಸಿನ ಪುಸ್ತಕದ ಮೇಲೆ ಬಿದ್ದಿದ್ದೇನೆ. ಬೆನ್ನಿನ ಗೋಂದು ಬಿಟ್ಟು ಪುಟಗಳು ಒಂದೊಂದಾಗಿ ಕಳಚುತ್ತಿವೆ. ನನಗೆ ಗೊತ್ತು, ಹಾಡಿದ್ದು ಅವಳೇ. ಗೊತ್ತಿದ್ದು ಏನು ಮಾಡಲಿ? ಅಚ್ಚಾದ ಎರಡು ಸಾವಿರ ಪ್ರತಿ ಎಲ್ಲೆಲ್ಲಿಗೋ ಹೋಗಿ ಕೂತಿವೆ. ನಾನು ಒಂದೇ, ನನ್ನಲ್ಲೂ ಆ ಪುಟ ಈಗ ಇಲ್ಲ.

ಕಿಟಕಿಯಿಂದ ಹಿತ್ತಲು ಕಾಣುತ್ತದೆ. ಹದಿಮೂರು ದಿನ ಆದಮೇಲೆ ಕಸ್ತೂರಿ ಆ ಫ್ಲೆಕ್ಸ್ ಬಿಚ್ಚಿ ತಂದು ಕಟ್ಟಿಗೆ ರಾಶಿಯ ಮೇಲೆ ಹೊದಿಸಿದ್ದಾಳೆ, ಇಬ್ಬನಿಗೆ ನೆನೆಯದಿರಲಿ ಎಂದು. ಬಿಳಿ ಮೈ ಹೊರಗೆ, ಮುಖ ಕಟ್ಟಿಗೆಯ ಕಡೆಗೆ.